ಉರಾಕಿ ದ್ವೀಪಕ್ಕೆ ಮೂರು ಕೊನೆ

ಹೇಳಿದ್ನಲ್ಲ ಅಣ್ಣಾ, ಅದನ್ನ ಬರೆದಿದ್ದು ನಾನೇ! ಎಷ್ಟು ಸಲ ಕೇಳ್ತೀರಿ? ನಮ್ಮ ಅಂಗಡಿ ವೆಬ್‌ಸೈಟಲ್ಲಿ ಇರೋದನ್ನೆಲ್ಲ ನಾನೇ ಬರೆಯೋದು... ಯಾಕೆ ನಗು? ಅರವತ್ತು ದಾಟಿದ ಹೆಂಗಸು ವಿಡಿಯೋ ಗೇಮಿನ ಬಗ್ಗೆ ಬರೀಬಾರ್ದಾ? ಒಸಾಕಾದ ಈ ನಿಪ್ಪೊಂಬಾಶಿ ಬೀದೀಲಿ ಹಳೇ ಗೇಮಿನ ಅಂಗಡಿ ಇಟ್ಕೊಂಡು, ಗೇಮಿನ ಬಗ್ಗೆ ಬರೀದೆ ಮೂಲಂಗಿ ಉಪ್ಪಿನಕಾಯಿ ಬಗ್ಗೆ ಬರೀಲಾ? ನಮ್ಮ ಯಜಮಾನ್ರು ತೀರ್ಕೊಂಡ ಮೇಲೆ ಇಲ್ಲಿ ಮಾರೋಳೂ ನಾನೇ, ಧೂಳು ಒರೆಸೋಳೂ ನಾನೇ, ಬರೆಯೋಳೂ ನಾನೇ.

ಅಣ್ಣಾ ಅಂದಿದ್ದಕ್ಕೆ ಬೇಜಾರಿಲ್ಲ ತಾನೆ? ಈ ಬೀದೀಲಿ ಮೀಸೆ ಚಿಗುರಿದವನಿಂದ ಹಿಡಿದು ಹಲ್ಲು ಉದುರಿದವನವರೆಗೆ ಎಲ್ಲರೂ ನಮಗೆ ಅಣ್ಣಂದಿರೇ. ಕೂತ್ಕೊಳ್ಳಿ. ಪೆಪ್ಪರ್‌ಮೆಂಟು ತಗೊಳ್ಳಿ, ಉಪ್ಪು ಪ್ಲಮ್ಮಿಂದು. ಬೇಡ್ವಾ? ಸರಿ, ಇಲ್ಲೇ ಇಟ್ಟಿರ್ತೀನಿ.

ಎಲ್ಲಿ, ಫೋನು ಇನ್ನೊಂದ್ಸಲ ಈ ಕಡೆ ಹಿಡೀರಿ. ಕನ್ನಡಕ ಹಾಕ್ಕೋತೀನಿ... ಇಲ್ಲಪ್ಪಾ. ಈ ಮುಖ ನಾನು ನೋಡಿಲ್ಲ. ಲಕ್ಷಣವಾಗಿದಾರೆ ನಿಮ್ಮ ಹೆಂಡ್ತಿ. ಫೋಟೋದಲ್ಲಿ ಸ್ವಲ್ಪ ನಗಬಹುದಿತ್ತು ಅಷ್ಟೇ. ಚಳಿಗಾಲದಲ್ಲಿ ಮನೆ ಬಿಟ್ಟಿದ್ದು ಅಂದ್ರಿ ಅಲ್ವಾ? ಪೊಲೀಸರು ಏನಂದ್ರು? ಹೂಂ... ದೊಡ್ಡವರು, ಇಷ್ಟಪಟ್ಟು ಹೋದ್ರೆ ನಾವೇನೂ ಮಾಡಕ್ಕಾಗಲ್ಲ ಅಂದ್ರಾ. ಅದಕ್ಕೆ ನೀವೇ ಹುಡುಕ್ತಿದೀರಿ. ನಮ್ಮ ಅಂಗಡಿ ಬರಹ ಓದಿ, ಇದು ನನ್ನ ಹೆಂಡ್ತಿ ಆಡೋ ಮಾತು ಅಂತ ಅನ್ನಿಸಿ, ಒಕಾಯಾಮಾದಿಂದ ರೈಲು ಹತ್ತಿ ಬಂದ್ಬಿಟ್ರಿ. ಅಲ್ಲ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ‘ಉರಾಕಿ ದ್ವೀಪ’ ಆಡಿ ಬೆಳೆದ ಹೆಂಗಸು ಇಡೀ ಜಪಾನಲ್ಲಿ ನಿಮ್ಮ ಹೆಂಡ್ತಿ ಒಬ್ಬಳೇನಾ?

ಏನು? ಮೇಲಿಂದ ಬರ್ತಿರೋ ಸದ್ದಾ... ಅದು ನಮ್ಮ ಅಕ್ಕನ ಮಗಳು. ಅಂಗಡಿಗೆ ಬರೋ ಹಳೇ ಗೇಮ್ ಕ್ಯಾಸೆಟ್ಟುಗಳನ್ನ ಮೇಲೆ ಕೂತು ಒಂದೊಂದಾಗಿ ಆಡಿ ನೋಡ್ತಾಳೆ, ಸರಿ ಇದೆಯೋ ಕೆಟ್ಟಿದೆಯೋ ಅಂತ. ಹೌದು, ಉರಾಕಿ ದ್ವೀಪವೇ. ನಿಮ್ಮ ಕಿವಿ ಚುರುಕು! ದೋಣಿ ಸಿಳ್ಳೆ ಕೇಳಿದ ಕೂಡ್ಲೇ ಗುರುತು ಹಿಡಿದ್ರಲ್ಲ. ಕರೀಲಾ ಅವಳನ್ನ? ಅವಳಿಗೆ ಗಂಡಸರು ಅಂದ್ರೆ ನಾಚಿಕೆ ಜಾಸ್ತಿ, ಗಿರಾಕಿ ಬಂದ್ರೆ ಕೆಳಗೆ ಇಳಿಯೋದೇ ಇಲ್ಲ.

ಬೇಡ್ವಾ? ಕರೀಬೇಡಿ ಅಂತೀರಾ...

ಅಯ್ಯೋ, ಸ್ಟೂಲು ಯಾಕೆ ಅಲ್ಲಿಗೆ ಎಳ್ಕೊಂಡ್ರಿ? ಮೆಟ್ಟಿಲ ಬುಡದಲ್ಲಿ ಸೆಕೆ ಅಣ್ಣಾ, ಫ್ಯಾನಿನ ಗಾಳಿ ಅಲ್ಲಿಗೆ ಬರಲ್ಲ. ಹೂಂ, ಅದೊಂದೇ ಮೆಟ್ಟಿಲು. ಇಷ್ಟು ಸಣ್ಣ ಮನೆಗೆ ಎರಡೆರಡು ಮೆಟ್ಟಿಲು ಯಾರು ಕಟ್ಟಿಸ್ತಾರೆ? ಮೇಲಿದ್ದವರು ಇಲ್ಲೇ ಇಳೀಬೇಕು. ಕಾಯ್ತೀರಾ? ಕಾಯಿರಿ, ನಂಗೇನು. ಆದ್ರೆ ಅವಳು ಆಟಕ್ಕೆ ಕೂತಳು ಅಂದ್ರೆ ಬೇಗ ಏಳೋಳಲ್ಲ. ಬಾರ್ಲಿ ಟೀ ಕೊಡ್ತೀನಿ, ತಣ್ಣಗಿದೆ.

ಪರೀಕ್ಷೆನಾ? ನಂಗಾ? ಹಹ್ಹಾ! ಮಾಡಿ, ಮಾಡಿ! ಶಾಲೆ ಬಿಟ್ಟ ಮೇಲೆ ನನ್ನನ್ನ ಯಾರೂ ಪರೀಕ್ಷೆ ಮಾಡಿಲ್ಲ. ‘ನೀವೇ ಬರೆದಿದ್ರೆ, ಮೂರು ಮೆಷೀನಿಗೆ ಬಂದ ಮೂರು ಉರಾಕಿ ದ್ವೀಪಕ್ಕೂ ಏನು ವ್ಯತ್ಯಾಸ, ಬಾಯಲ್ಲಿ ಹೇಳಿ’ ಅಂತೀರಾ. ಹೇಳ್ತೀನಿ. ಆಮೇಲೆ ತಲೆ ತಿಂದಳು ಮುದುಕಿ ಅನ್ಬೇಡಿ. ನಂಗೆ ಬಾಯಿ ತೆಗೆದ್ರೆ ಮುಚ್ಚೋದು ಕಷ್ಟ.

ಕಥೆ ಮೂರರಲ್ಲೂ ಒಂದೇ ತಾನೆ. ಒಬ್ಬ ಪತ್ತೇದಾರ ದೋಣಿ ಹತ್ತಿ ಉರಾಕಿ ದ್ವೀಪಕ್ಕೆ ಬರ್ತಾನೆ. ಅಲ್ಲಿಯ ಛತ್ರದ ಸೊಸೆ ಸಾಯೊ ಅನ್ನೋಳು ಕಾಣ್ತಿಲ್ಲ. ಆಡೋರು ಆ ಪತ್ತೇದಾರ ಆಗಿ ಸಾಯೊನ ಹುಡುಕ್ಬೇಕು. ಇಷ್ಟೇ! ಮೊದಲು ಬಂದಿದ್ದು ಕಂಪ್ಯೂಟರಿಗೆ. ಅದರಲ್ಲಿ ಗುಂಡಿ ಒತ್ತಿದ್ರೆ ನಡೆಯಲ್ಲ, ಏನು ಮಾಡ್ಬೇಕು ಅಂತ ಟೈಪ್ ಮಾಡ್ಬೇಕು. ‘ಬಾಗಿಲು ನೋಡು’, ‘ಮುದುಕನ ಕೇಳು’. ಒಂದು ಅಕ್ಷರ ಆಚೀಚೆ ಆದ್ರೆ ‘ಅರ್ಥವಾಗಲಿಲ್ಲ’ ಅಂತ ಮೂತಿ ತಿರುಗಿಸ್ಕೊಂಡು ಕೂರುತ್ತೆ. ನಮ್ಮ ಅತ್ತೆ ಹಾಗೇ ಇದ್ರು! ಚಿತ್ರ ಅಂತೂ ಗೆರೆಗೆರೆಯಾಗಿ ಬರುತ್ತೆ, ಮೊದಲು ಬೆಟ್ಟ, ಆಮೇಲೆ ಸಮುದ್ರ, ಆಮೇಲೆ ಬಣ್ಣ. ಛತ್ರದ ಚಿತ್ರ ಮೂಡೋ ಅಷ್ಟರಲ್ಲಿ ಅಕ್ಕಿ ತೊಳೆದು ಒಲೆ ಮೇಲೆ ಇಟ್ಟು ಬರಬಹುದು. ಛತ್ರದ ಮುಂದೆ ನಾಯಿ ಬೊಗಳುತ್ತೆ, ಅದಕ್ಕೆ ಒಣಮೀನು ಹಾಕಿ ಒಳಗೆ...

ಏನು? ನಾಯಿ ಇಲ್ವಾ? ಕಂಪ್ಯೂಟರಿನದ್ರಲ್ಲಿ ನಾಯಿ ಇಲ್ಲ ಅಂತೀರಾ?

ಹೌದು... ಹೌದು, ನಾಯಿ ಸೀಡಿಯದ್ರಲ್ಲಿ. ವಯಸ್ಸಾಯ್ತು ನೋಡಿ, ಮೂರೂ ಕಲಸಿಹೋಗುತ್ತೆ. ನೀವೂ ಆಡಿದೀರಾ ಹಾಗಾದ್ರೆ? ಓ... ನೀವು ಆಡಿಲ್ಲ. ಅವಳು ಆಡುವಾಗ ಬೆನ್ನ ಹಿಂದೆ ಕೂತು ನೋಡ್ತಿದ್ರಿ. ದಿನಾನಾ? ಮಾತಾಡದೆ? ...ಸರಿ ಸರಿ. ಗಂಡ ಹೆಂಡ್ತಿ ಒಟ್ಟಿಗೆ ಕೂರೋದು ಒಳ್ಳೇದೇ ಬಿಡಿ.

ಎಲ್ಲಿದ್ದೆ... ಹಾಂ, ಕಂಪ್ಯೂಟರಿನ ಕೊನೆ. ದೋಣಿ ಇಡೋ ಕೊಟ್ಟಿಗೇಲಿ ಸಾಯೊ ಅಡಗಿರ್ತಾಳೆ. ಪತ್ತೇದಾರ ಬಾಗಿಲು ತೆಗೀತಾನೆ, ಅವಳನ್ನ ಕರ್ಕೊಂಡು ಹೋಗಿ ಛತ್ರದವರ ಕೈಗೆ ಒಪ್ಪಿಸ್ತಾನೆ. ‘ಪ್ರಕರಣ ಮುಗಿಯಿತು’. ಅಷ್ಟೂ ಆಟದಲ್ಲಿ ಸಾಯೊಗೆ ಒಂದು ಮಾತಿಲ್ಲ, ಗಮನಿಸಿದೀರಾ? ‘ಮುದುಕನ ಕೇಳು’ ಅಂದ್ರೆ ಮುದುಕ ಹೇಳ್ತಾನೆ, ‘ಬೆಸ್ತನ ಕೇಳು’ ಅಂದ್ರೆ ಬೆಸ್ತ ಹೇಳ್ತಾನೆ. ‘ಸಾಯೊನ ಕೇಳು’ ಅಂದ್ರೆ ‘ಅರ್ಥವಾಗಲಿಲ್ಲ’! ಯಾಕೆ ಓಡಿಬಂದೆ ತಾಯಿ ಅಂತ ಕೇಳೋಕೆ ಆ ಆಟದಲ್ಲಿ ದಾರಿನೇ ಇಲ್ಲ. ಅದನ್ನ ಬರೆಯುವಾಗ ನಂಗೆ ಸಿಟ್ಟು ಬಂದಿತ್ತು.

ಇಲ್ಲ, ಈಗ ಸಿಟ್ಟೇನಿಲ್ಲ. ಜೋರಾಗಿ ಮಾತಾಡೋದು ನನ್ನ ಅಭ್ಯಾಸ. ನಮ್ಮ ಯಜಮಾನ್ರಿಗೆ ಒಂದು ಕಿವಿ ಮಂದ ಇತ್ತು.

ಕ್ಯಾಸೆಟ್ಟಿಂದು ಆಮೇಲೆ ಹೇಳ್ತೀನಿ. ಮೊದಲು ಸೀಡಿ. ಯಾಕೆ ಅಂದ್ರೆ... ಹಾಗೇ! ಅಂಗಡಿ ನಂದು, ಪರೀಕ್ಷೆ ನಿಮ್ಮದಿರಬಹುದು, ಕ್ರಮ ನಂದು. ಸೀಡಿ ಬಂದಾಗ ಎಲ್ಲರೂ ಬೆರಗಾಗಿಬಿಟ್ರು ಅಣ್ಣಾ! ಚಿತ್ರ ಅಲ್ಲಾಡುತ್ತೆ, ಜನ ಬಾಯಿಬಿಟ್ಟು ಮಾತಾಡ್ತಾರೆ, ಸಮುದ್ರ ನಿಜವಾಗಿ ಮೊರೆಯುತ್ತೆ. ದುಡ್ಡು ಕೊಟ್ಟು ನಾಟಕದವರ ದನಿ ಹಾಕ್ಸಿದ್ರು. ಆದ್ರೆ ಏನು ಮಾಡಿದ್ರು ಗೊತ್ತಾ? ಸಾಯೊಳ ಗಂಡನಿಗೆ ಉದ್ದಕ್ಕೂ ಮಾತು ಕೊಟ್ರು. ಅವನು ಕೊಟ್ಟಿಗೆ ಮುಂದೆ ಮಂಡಿಯೂರಿ ಅಳ್ತಾನೆ. ‘ನೀನಿಲ್ಲದೆ ಈ ಮನೆ ಮನೆಯಲ್ಲ’ ಅಂತ. ಪಿಟೀಲು ಬೇರೆ! ಸಾಯೊ ಹೊರಗೆ ಬರ್ತಾಳೆ, ತಲೆ ಬಗ್ಗಿಸ್ತಾಳೆ. ಅವಳಿಗೂ ಮಾತಿದೆ ಇದರಲ್ಲಿ. ಒಂದೇ ಒಂದು, ‘ಕ್ಷಮಿಸಿ’. ಮುಗೀತು. ಇಬ್ರೂ ಮನೆಗೆ.

ನಿಮಗೆ ಅದೇ ಇಷ್ಟನಾ? ಇರ್ಲಿ, ಬಹಳ ಗಂಡಸರಿಗೆ ಅದೇ ಇಷ್ಟ. ಹೂಂ, ‘ಮೂರರಲ್ಲಿ ಅತ್ಯಂತ ಕೆಟ್ಟದ್ದು ಇದು’ ಅಂತ ಬರೆದಿದ್ದೂ ನಾನೇ. ನಿಮ್ಮ ಹೆಂಡ್ತೀನೂ ಹಾಗೇ ಹೇಳ್ತಿದ್ರಾ? ಅದೇ ಮಾತಲ್ಲಾ? ಮತ್ತೆ, ಬುದ್ಧಿ ಇರೋ ಹೆಂಗಸರಿಗೆಲ್ಲ ಹಾಗೇ ಅನ್ಸುತ್ತೆ! ಅದಕ್ಕೂ ಒಬ್ಬರನ್ನೊಬ್ರು ನೋಡಿರೋದಕ್ಕೂ ಏನು ಸಂಬಂಧ?

ಅವಳು ಬಂದ್ರೆ ಒಂದು ಮಾತೂ ಅನ್ನಲ್ಲ ಅಂತೀರಾ... ಕ್ಷಮಿಸಿಬಿಡ್ತೀರಾ... ದೊಡ್ಡ ಮನಸ್ಸು ನಿಮ್ಮದು. ಏನು ತಪ್ಪಿಗೆ ಕ್ಷಮಿಸೋದು ಅಂತ ಕೇಳ್ಬಾರ್ದು, ಆದ್ರೂ ಕೇಳ್ತೀನಿ... ಬೇಡ. ಬಿಡಿ. ನನ್ನ ಬಾಯಿ ಸರಿ ಇಲ್ಲ.

ಸೀಡಿಯದು ನಿಮಗೆ ತೋರ್ಸೋಣ ಅಂದ್ರೆ ಮೆಷೀನೇ ಇಲ್ಲ ಈಗ. ಇದ್ದಿದ್ದೊಂದು ಮಾರಿಹೋಯ್ತು, ಇನ್ನೊಂದು ರಿಪೇರಿಗೆ ಬಗ್ಗಲ್ಲ. ಆ ಮುಚ್ಚಳದ ಕೀಲು ಒಂದು ಮುರೀತು ಅಂದ್ರೆ ಆಯ್ತು. ಮೂರನೇ ಮಹಡಿ ಬಾಲ್ಕನಿಯಿಂದ ಬಿದ್ದ ಮೇಲಂತೂ ಬ್ರಹ್ಮ ಬಂದ್ರೂ...

ಏನು?

ಏನಂದೆ ನಾನು? ಬಾಲ್ಕನಿನಾ? ಮಾತಿಗೆ ಅಂದೆ ಅಣ್ಣಾ. ಇಲ್ಲಿಗೆ ಬರೋ ಸಾಮಾನೆಲ್ಲ ಎಲ್ಲಿಂದಾದ್ರೂ ಬಿದ್ದಿದ್ದೇ. ಅಮ್ಮಂದಿರು ಎಸೀತಾರೆ, ಗಂಡಂದಿರು ಎಸೀತಾರೆ, ಬೆಕ್ಕು ಬೀಳಿಸುತ್ತೆ... ನಿಮ್ಮ ಮನೆ ಮೂರನೇ ಮಹಡಿಯಾ? ನಂಗೇನು ಗೊತ್ತು! ಒಕಾಯಾಮಾಕ್ಕೆ ನಾನು ಹೋದವಳೇ ಅಲ್ಲ. ಯಾಕೆ ಹಾಗೆ ನೋಡ್ತೀರಿ? ನಾಲಿಗೆ ಎಲ್ಲೆಲ್ಲೋ ಓಡುತ್ತೆ ನಂದು...

ಎಲ್ಲಿಗೆ ಎದ್ರಿ? ಓ, ಬಾಗಿಲಿಗೆ. ಬೋರ್ಡು ಯಾಕೆ ತಿರುಗಿಸಿದ್ರಿ? ಅಣ್ಣಾ, ಇದು ಅಂಗಡಿ ಮುಚ್ಚೋ ಹೊತ್ತಲ್ಲ, ಶಾಲೆ ಬಿಟ್ಟ ಮಕ್ಕಳು ಬರೋ ಹೊತ್ತು. ಚಿಲಕಾನೂ... ಗಾಳಿಗೆ ಬಡಿಯುತ್ತೆ ಅಂತಾನಾ? ಗಾಳಿ ಎಲ್ಲಿದೆ ಇವತ್ತು?

ಆಯ್ತು. ಹಾಕ್ಕೊಳ್ಳಿ. ಕೂತ್ಕೊಳ್ಳಿ ಮತ್ತೆ. ಆ ಪೆಟ್ಟಿಗೇಲಿದ್ದ ಕ್ಯಾಸೆಟ್ಟುಗಳನ್ನ ಎಷ್ಟು ಸಾಲಾಗಿ ಜೋಡಿಸಿಟ್ಟಿದೀರಿ ಮಾತಾಡ್ತಾ ಮಾತಾಡ್ತಾ! ಅಂಚಿಗೆ ಅಂಚು ಕೂಡಿಸಿ. ನಂಗೆ ಇಷ್ಟು ವರ್ಷದಲ್ಲಿ ಹಾಗೆ ಜೋಡಿಸೋಕೆ ಬಂದಿಲ್ಲ. ಟೀ ಚೆಲ್ಲಿತಾ? ಒರೆಸ್ತೀನಿ ಇರಿ ಅಣ್ಣಾ. ವಯಸ್ಸು ನೋಡಿ.

ಈಗ ಕ್ಯಾಸೆಟ್ಟಿಂದು... ಬೇಡ್ವಾ? ಇಷ್ಟು ಸಾಕಾ? ಪರೀಕ್ಷೇಲಿ ನಾನು ಫೇಲಾದ್ನಾ? ಅಯ್ಯೋ, ಅರ್ಧಕ್ಕೇ ಫೇಲು ಮಾಡೋದು ಯಾವ ನ್ಯಾಯ! ಮುಖ್ಯವಾದ್ದು ಅದೇ ಇರೋದು! ಮೆಟ್ಟಿಲ ಮೇಲೆ ಕಾಲಿಟ್ರಾ... ಹತ್ತೀರಾ? ಕೇಳಿ, ಸ್ವಲ್ಪ ಕೇಳಿ. ಮೇಲೆ ಅವಳು ಆಡ್ತಾನೇ ಇದಾಳಲ್ಲ. ಕೇಳಿಸ್ತಿದೆಯಲ್ಲ ನಿಮಗೆ. ಎಲ್ಲಿಗೆ ಹೋಗ್ತಾಳೆ? ನೀವು ಇಲ್ಲಿದ್ದೀರಿ ಅಂತ ಅವಳಿಗೆ ಗೊತ್ತಿದ್ರೆ ತಾನಾಗೇ ಇಳೀತಾಳೆ. ಮೇಲೆ ಹೋಗಿ ಕೈ ಹಿಡಿದು ಎಳ್ಕೊಂಡು ಬರೋದಕ್ಕಿಂತ ಅದು ಚೆಂದ ಅಲ್ವಾ?

ಹಾಂ. ಕೂತ್ಕೊಳ್ಳಿ. ನೀವು ಕೂಗಾಡೋ ಜನ ಅಲ್ಲ, ಬಂದಾಗಲೇ ಗೊತ್ತಾಯ್ತು ನಂಗೆ. ತಾಳ್ಮೆಯವರು.

ಕ್ಯಾಸೆಟ್ ಮೆಷೀನಲ್ಲಿ ಜಾಗ ಕಮ್ಮಿ. ಬಹಳ ಕಮ್ಮಿ. ದೊಡ್ಡ ಬೀರುವಿನ ಬಟ್ಟೇನೆಲ್ಲ ಊಟದ ಡಬ್ಬೀಲಿ ತುಂಬು ಅಂದ ಹಾಗೆ. ಮಾಡಿದವರು ಮೊದಲು ಬಣ್ಣ ತೆಗೆದ್ರು. ಆಮೇಲೆ ಅರ್ಧ ದ್ವೀಪ ತೆಗೆದ್ರು. ಕಾಡಿಲ್ಲ, ದೇವಸ್ಥಾನ ಇಲ್ಲ, ಬೆಸ್ತರ ಕೇರಿ ಇಲ್ಲ. ಟೈಪ್ ಮಾಡೋ ರಗಳೆ ಬೇಡ ಅಂತ ನಾಲ್ಕೇ ಮಾತು ಪರದೆ ಮೇಲೆ ಬರೆದಿಟ್ರು. ನೋಡು, ಕೇಳು, ತಟ್ಟು, ಹೋಗು. ಅದರಲ್ಲೇ ಆಡ್ಬೇಕು. ಸಂಗೀತಾನೂ ಬಡಕಲು, ಒಂದು ಚೂರು ರಾಗ, ಒಂದು ಸಿಳ್ಳೆ, ಒಂದು ಅಲೆ. ಇಷ್ಟೆಲ್ಲ ಕತ್ತರಿಸಿದ್ರೂ ಕೊನೆ ಅಧ್ಯಾಯಕ್ಕೆ ಬಂದಾಗ ಜಾಗ ಮುಗಿದೇಹೋಯ್ತು! ಸಾಯೊಳ ಚಿತ್ರ ಬಿಡಿಸೋಕೆ ಜಾಗ ಇಲ್ಲ. ಸಿಕ್ಕಿದ್ದು, ಒಪ್ಪಿಸಿದ್ದು, ಮನೆಗೆ ಹೋಗಿದ್ದು, ಯಾವುದಕ್ಕೂ ಇಲ್ಲ. ಆಟ ಅಂಗಡಿಗೆ ಬರೋ ದಿನ ಹತ್ರ ಬಂದಿತ್ತೇನೋ. ಏನು ಮಾಡಿದ್ರು ಗೊತ್ತಾ?

ಬರಹದಲ್ಲಿ ಓದಿರ್ತೀರಿ, ಕಣ್ಣಾರೆ ಕಂಡಿಲ್ಲ. ಹೌದಲ್ಲ? ಇದರ ಕೊನೇನ ನೀವು ನೋಡೇ ಇಲ್ಲ. ನೀವು ಹಿಂದೆ ಕೂತಾಗ ಕ್ಯಾಸೆಟ್ಟಿನ ಕೊನೆ ಅಧ್ಯಾಯಕ್ಕೆ ಅವಳು ಹೋಗ್ತಾನೇ ಇರ್ಲಿಲ್ಲ... ನೀವೇ ಹೇಳಿದ್ದು ಈಗ! ಹೇಳ್ಲಿಲ್ವಾ? ಹೇಳಿದ್ರಿ ಅಂತ ಅಂದ್ಕೊಂಡೆ.

ಪತ್ತೇದಾರ ಕೊಟ್ಟಿಗೆ ಬಾಗಿಲು ತಟ್ತಾನೆ. ಬಾಗಿಲು ತೆರ್ಕೊಳ್ಳುತ್ತೆ. ಒಳಗೆ ಯಾರೂ ಇಲ್ಲ. ಗೋಡೆಗೆ ಒರಗಿಸಿದ ಒಂದು ಹುಟ್ಟು, ಆಚೆ ಸಮುದ್ರ. ‘ಮುಗಿಯಿತು’. ಅಷ್ಟೇ ಅಣ್ಣಾ! ಮಕ್ಕಳು ಸಿಟ್ಟಿಗೆದ್ರು. ದುಡ್ಡು ಕೊಟ್ಟು ಅರ್ಧ ಆಟ ತಂದಿದೀವಾ ಅಂತ ಪತ್ರಿಕೆಗೆ ಕಾಗದದ ಮೇಲೆ ಕಾಗದ ಹಾಕಿದ್ರು. ಇವತ್ತಿಗೂ ಅದನ್ನ ಕಸದ ಆಟ ಅಂತಾರೆ, ನೂರು ಯೆನ್ನಿನ ಡಬ್ಬಿಗೆ ಬಿಸಾಕ್ತೀವಿ. ಆದ್ರೆ ಒಬ್ಬಳು ಹುಡುಗಿ ಅದನ್ನ ಆಡಿ ಮುಗಿಸಿ, ಆವತ್ತು ರಾತ್ರಿ ಖುಷಿಗೆ ನಿದ್ದೆ ಮಾಡ್ಲಿಲ್ವಂತೆ. ಸಾಯೊ ಸಿಗಲಿಲ್ಲ ಅಂತ. ಮೂರರಲ್ಲಿ ಅತ್ಯಂತ ಒಳ್ಳೇದು ಇದು, ಯಾಕಂದ್ರೆ ಇದೊಂದರಲ್ಲೇ ಹುಡುಕೋಕೆ ಬಂದವನಿಗೆ ಕೊನೇ ಮಾತು ಕೊಟ್ಟಿಲ್ಲ... ಹಾಗೆ ಬರೆದಿದ್ದು...

ಬರೆದಿದ್ದು ನಾನಲ್ಲ. ಹೂಂ. ನೀವು ಗೆದ್ರಿ. ನಂಗೆ ನಾಯಿ ಯಾವುದರಲ್ಲಿದೆ ಅಂತಾನೂ ಗೊತ್ತಿಲ್ಲ, ಮೂರರಲ್ಲಿ ಒಂದನ್ನೂ ನಾನು ಆಡಿ ಮುಗಿಸಿಲ್ಲ. ಎಲ್ಲ ಕೇಳಿದ್ದು, ಊಟಕ್ಕೆ ಕೂತಾಗ.

ನಗ್ತಿದ್ರಲ್ಲ, ಯಾಕೆ ನಿಲ್ಲಿಸಿದ್ರಿ?

ಏನಾದ್ರೂ ಮಾತಾಡಿ ಅಣ್ಣಾ. ಬೈಯಿರಿ ಬೇಕಾದ್ರೆ. ನೀವು ಸುಮ್ಮನಾದ್ರೆ ನಾನೂ ಸುಮ್ಮನಾಗಬೇಕಾಗುತ್ತೆ... ನೀವೂ ಸುಮ್ಮನೆ, ನಾನೂ ಸುಮ್ಮನೆ ಆದ್ರೆ...

ಹೂಂ. ಕೇಳಿಸ್ಕೊಳ್ತಿದೀರಿ. ಮೇಲಕ್ಕೆ ಕಿವಿ ಕೊಟ್ಟಿದೀರಿ.

ದೋಣಿ ಸಿಳ್ಳೆ. ಎರಡು ಸಲ. ಅಲೆ. ಹೆಜ್ಜೆ ಸದ್ದು. ಆ ಚೂರು ರಾಗ... ಈಗ ಒಂದು ನಿಮಿಷ ಏನಿಲ್ಲ... ದೋಣಿ ಸಿಳ್ಳೆ. ಎರಡು ಸಲ. ಅಲೆ. ಹೆಜ್ಜೆ.

ಕ್ಯಾಸೆಟ್ ಮೆಷೀನು ಹಾಗೇ ಅಣ್ಣಾ. ಆನ್ ಮಾಡಿ ಯಾರೂ ಗುಂಡಿ ಮುಟ್ಟದಿದ್ರೆ, ಅಂಗಡಿ ಮುಂದೆ ಜನ ನಿಂತು ನೋಡ್ಲಿ ಅಂತ, ಮೊದಲ ದೃಶ್ಯಾನ ತಾನೇ ಆಡ್ಕೊಂಡು ಹೋಗುತ್ತೆ. ಮುಗೀತು, ಮತ್ತೆ ಶುರು. ಕೈ ಬೇಡ, ಕಣ್ಣು ಬೇಡ, ಮನುಷ್ಯರೇ ಬೇಡ. ನೀವು ಬಂದಾಗಿಂದ ಮೇಲೆ ನಡೀತಿರೋದು ಅದೇ. ಅದಕ್ಕೇ ನಾನು ಬಾಯಿ ಮುಚ್ಚಲಿಲ್ಲ. ಒಂದು ನಿಮಿಷ ಸುಮ್ಮನಿದ್ದಿದ್ರೂ ನಿಮ್ಮ ಕಿವಿಗೆ ಸಿಕ್ಕಿಬಿಡ್ತಿತ್ತು.

ಹೌದು, ತೊಕುನಾಗ ಅವರೇ. ನೀವು ಹೆಸರು ಹೇಳಿರ್ಲಿಲ್ಲ, ಗೊತ್ತು. ನಿಮ್ಮ ಹೆಂಡ್ತಿ ಚಿಗುಸಾ ಹೇಳಿದ್ಲು. ಫೋಟೋದಲ್ಲಿ ನಿಮ್ಮ ಮುಖಾನೂ ತೋರಿಸಿದ್ಲು, ಬಾಗಿಲಲ್ಲಿ ಕಂಡ ಕೂಡ್ಲೇ ಗುರುತು ಸಿಕ್ತು. ‘ಗಿರಾಕಿ ಬಂದಿದಾರೆ’ ಅಂತ ಮೇಲಕ್ಕೆ ಕೂಗಿದ್ನಲ್ಲ, ನಿಮ್ಮೆದುರೇ. ಹಾಗೆ ಕೂಗಿದ್ರೆ ಮೆಷೀನು ಆರಿಸಿ ಮತ್ತೆ ಹಚ್ಚಿ, ಬಟ್ಟೆ ಒಣಗಿಸೋ ಬಿಸಿಲುಮಚ್ಚಿನಿಂದ ಪಕ್ಕದ ಕಡಲಪಾಚಿ ಅಂಗಡಿಯವರ ಬಿಸಿಲುಮಚ್ಚಿಗೆ ದಾಟಿಬಿಡು ಅಂತ ನಾವಿಬ್ರೂ ಮಾತಾಡ್ಕೊಂಡಿದ್ವಿ. ಎರಡರ ನಡುವೆ ಒಂದು ಹೆಜ್ಜೆ ಅಷ್ಟೇ. ಬೆಕ್ಕುಗಳು ದಿನಾ ದಾಟ್ತಾವೆ.

ಅವಳೇ ಹೇಳಿದ್ದು, ನೀವು ಮೇಲೆ ಹತ್ತಲ್ಲ ಅಂತ. ‘ಅವರು ಎಳ್ಕೊಂಡು ಬರಲ್ಲ ಅಮ್ಮಾ. ಬಚ್ಚಲುಮನೆ ಬಾಗಿಲು ಹಾಕ್ಕೊಂಡ್ರೆ ಹೊರಗೆ ಕುರ್ಚಿ ಹಾಕ್ಕೊಂಡು ಕೂರ್ತಾರೆ. ನಾನೇ ತೆಗೆದು ಹೊರಗೆ ಬರೋವರೆಗೆ. ಎಷ್ಟು ಹೊತ್ತಾದ್ರೂ ಸರಿ’ ಅಂದ್ಲು. ಅದನ್ನ ಹೇಳುವಾಗ ಅವಳು ಅಳ್ಲಿಲ್ಲ. ನಾನು ಅತ್ತುಬಿಟ್ಟೆ. ನನ್ನ ಹೊಟ್ಟೇಲಿ ಹುಟ್ಟಿದವಳಲ್ಲ, ಆದ್ರೂ ಅಳು ಬಂತು. ಕೂರ್ತಾರೆ ಅಂದ್ರೆ ಕೂರ್ಲಿ, ಅವರು ಕೂತಷ್ಟು ಹೊತ್ತು ನಾನು ಮಾತಾಡ್ತೀನಿ ಅಂದೆ.

ಎಲ್ಲಿಗೆ ಅಂತ ಕೇಳ್ಬೇಡಿ. ಕೇಳಿಟ್ಕೊಳ್ಲಿಲ್ಲ ನಾನು, ಬೇಕಂತಲೇ. ಒಸಾಕಾದಿಂದ ರೈಲೂ ಇದೆ, ಹಡಗೂ ಇದೆ.

ನನ್ನ ಹತ್ರ ಬರ್ಬೇಡಿ. ಅಲ್ಲೇ ನಿಲ್ಲಿ. ಭಯ ಆಗ್ತಿದೆ, ಇಲ್ಲ ಅನ್ನಲ್ಲ, ಬಾಗಿಲಿಗೆ ಚಿಲಕ ಹಾಕಿದೋರು ನೀವು, ಒಳಗೆ ಉಳಿದಿರೋಳು ನಾನೊಬ್ಳೇ. ಏನು ಮಾಡ್ತೀರೋ ಮಾಡಿ. ನಂಬಿಕೆ ಬರ್ದಿದ್ರೆ ಮೇಲೆ ಹೋಗಿ ನೋಡ್ಕೊಳ್ಳಿ, ನಾನು ತಡೆಯಲ್ಲ.

ಬೂಟು ಬಿಚ್ಚಿ ಹತ್ತಿ. ಚಳಿಗಾಲದಿಂದ ಇವತ್ತು ಮಧ್ಯಾಹ್ನದವರೆಗೂ ಒಬ್ಬಳು ಹೆಣ್ಣುಮಗಳು ಕಣ್ತುಂಬ ನಿದ್ದೆ ಮಾಡಿದ ಕೋಣೆ ಅದು.